ದೊಡ್ಡದು ಬಿಟ್ಟು ಸಣ್ಣದರ ಹಿಂದೆ ಯಾಕೆ ಬಿದ್ದೆ?

ಊರಿಗೆ ಹೋದಾಗಲೆಲ್ಲ ಇದೇ ಪ್ರಶ್ನೆ. ಹೊರಗಿನ ಸಂದೇಶ ಹಿಡಿಯುವ ಜೀವಕೋಶದ ರಿಸೆಪ್ಟರ್ ಬಿಟ್ಟು, ಅದರ ಪಕ್ಕದ ಸಹಾಯಕ ಪ್ರೋಟೀನನ್ನು ಯಾಕೆ ಓದುತ್ತೀಯ ಅಂತ. ಹೇಳಿ ಹೇಳಿ ಸಾಕಾಗಿದೆ. ಇನ್ಮೇಲೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಹೋದ ವರ್ಷ ಇಳಕಲ್ಲಿನಲ್ಲಿ ಒಂದು ಮದುವೆ. ಕಾಕಾ ಎಣ್ಣೆಗಾಯಿಗೆ ರೊಟ್ಟಿ ಮುರಿಯುತ್ತಾ, "ಅಲ್ಲೋ ತಮ್ಮಾ, ಸಹಾಯಕ ಅಂದ್ರ ಆಳಿದ್ದಂಗ. ಧಣೀನ ಬಿಟ್ಟು ಆಳಿನ ಹಿಂದ್ಯಾಕ ಬಿದ್ದಿ?" ಅಂದರು. ಪಂಕ್ತಿಯವರೆಲ್ಲ ನಕ್ಕರು. ನನಗೆ ಸಿಟ್ಟು ಬಂತು. ಕಾಕಾನ ಮನೆಯಲ್ಲೇ ಮಗ್ಗ ಇದೆ. ಸೀರೆಯ ಒಡಲಿನ ಎಳೆಗೂ ಸೆರಗಿನ ಎಳೆಗೂ ಕೊಂಡಿ ಹಾಕಿ ಜೋಡಿಸೋದನ್ನ ದಿನಾ ನೋಡುವ ಮನುಷ್ಯ. "ಕೊಂಡಿ ಇಲ್ಲದ ಸೆರಗು ನಿಲ್ತದೇನು ಕಾಕಾ?" ಅಂದೆ. "ಅದು ಖರೆ. ಪಗಾರ ಎಷ್ಟು?" ಅಂದರು.

ಸಿಎಲ್‌ಆರ್ ಅಂತ ಒಂದು ರಿಸೆಪ್ಟರ್ ಇದೆ. ಒಂಟಿಯಾಗಿದ್ದರೆ ಅದು ಕೋಶದ ಹೊರಮೈಗೆ ಬರೋದೇ ಕಷ್ಟ. ರ‍್ಯಾಂಪ್ ಅನ್ನುವ ಸಣ್ಣ ಪ್ರೋಟೀನ್ ಜೊತೆಯಾದರೆ ಮೇಲೆ ಬಂದು ಕೆಲಸ ಶುರು ಮಾಡುತ್ತದೆ. ಇದು ಗೊತ್ತಾಗಿದ್ದು 1998ರಲ್ಲಿ. ಮಜಾ ಇರೋದು ಮುಂದೆ. ಜೊತೆಗಾರ ರ‍್ಯಾಂಪ್ 1 ಆದರೆ ಅದು ಸಿಜಿಆರ್‌ಪಿ ಅನ್ನುವ ನರದ ಸಂದೇಶ ಹಿಡಿಯುತ್ತದೆ. ರ‍್ಯಾಂಪ್ 2 ಆದರೆ ಅದೇ ರಿಸೆಪ್ಟರ್ ಮುಖ್ಯವಾಗಿ ರಕ್ತನಾಳಗಳಿಗೆ ಬೇಕಾದ ಅಡ್ರಿನೋಮೆಡ್ಯುಲಿನ್ ಅನ್ನುವ ಹಾರ್ಮೋನ್ ಹಿಡಿಯುತ್ತದೆ. ರ‍್ಯಾಂಪ್ 2 ಪೂರಾ ಇಲ್ಲದ ಇಲಿಮರಿ ಗರ್ಭದಲ್ಲೇ ಸಾಯುತ್ತದೆ, ರಕ್ತನಾಳ ಸರಿಯಾಗಿ ಬೆಳೆಯಲ್ಲ. ಇದಕ್ಕೆ ಆಳು ಅಂತೀರಾ?

ನನ್ನನ್ನ ಕೇಳಬೇಕಿದ್ದ ಪ್ರಶ್ನೆ ಬೇರೆ. ಅವ್ವ ಸೆರಗನ್ನು ಹಣೆಗೆ ಬಿಗಿದುಕೊಂಡು, ಕಿಟಕಿ ಮುಚ್ಚಿ ಮಲಗುತ್ತಿದ್ದಳಲ್ಲ, ಆಗ ಅವಳ ತಲೆಯಲ್ಲಿ ಏನಾಗುತ್ತಿತ್ತು? ಇದನ್ನ ಯಾರೂ ಕೇಳಲಿಲ್ಲ. "ಕೆಲಸ ತಪ್ಪಿಸಾಕ ಸೋಗು" ಅಂದವರೇ ಜಾಸ್ತಿ. ಸೋಗಲ್ಲ, ಅದು ಮೈಗ್ರೇನ್. ನೋವು ಎದ್ದಾಗ ತಲೆಯ ನರಗಳಿಂದ ಸಿಜಿಆರ್‌ಪಿ ಹೊರಬರುತ್ತದೆ. ಅದನ್ನ ಹಿಡಿಯೋದು ಸಿಎಲ್‌ಆರ್, ರ‍್ಯಾಂಪ್ 1 ಎರಡೂ ಕೂಡಿದ ಜೋಡಿ. 2018ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಎರೆನುಮ್ಯಾಬ್ ಅನ್ನುವ ಇಂಜೆಕ್ಷನ್ ಇವೆರಡೂ ಕೂಡುವ ಜಾಗದಲ್ಲೇ ಹೋಗಿ ಕೂತು ಸಿಜಿಆರ್‌ಪಿಯನ್ನು ತಡೆಯುತ್ತದೆ. ತಿಂಗಳಿಗೆ ಒಂದು ಸಲ ಚುಚ್ಚಿಸಿಕೊಂಡರೆ ಎಷ್ಟೋ ಜನರಿಗೆ ನೋವು ಬರುವ ದಿನಗಳು ಕಡಿಮೆಯಾಗುತ್ತವೆ. ಎಲ್ಲರಿಗೂ ಅಲ್ಲ.

ಅವ್ವನ ಕಾಲಕ್ಕೆ ಅದು ಇರಲಿಲ್ಲ. ವಾಂತಿಯಾದ ಮೇಲೆ ಮುಖ ತೊಳೆದು, ಹಣೆಯ ಸೆರಗು ಬಿಚ್ಚದೆ, ಮತ್ತೆ ರೊಟ್ಟಿ ಬಡಿಯೋಕೆ ಕೂರುತ್ತಿದ್ದಳು.