ಅವರೆಕಾಯಿ ಯಾವ ಮೊರಕ್ಕೆ?

ಭಾನುವಾರ ಬೆಳಿಗ್ಗೆ ಮಗಳನ್ನೂ ಎದುರುಮನೆ ಹುಡುಗನನ್ನೂ ಗಾಂಧಿ ಬಜಾರಿಗೆ ಕರೆದುಕೊಂಡು ಹೋಗಿದ್ದೆ. ಇಬ್ಬರಿಗೂ ಐದು ವರ್ಷ. ಒಂದೊಂದು ಬಣ್ಣಕ್ಕೆ ಒಂದೊಂದು ತರಕಾರಿ ಆರಿಸಿ ಅಂದೆ. ಹುಡುಗ ಸಿಹಿಗುಂಬಳದ ಹೋಳನ್ನು ತಬ್ಬಿಕೊಂಡೇ ಬಂದ.

ಮನೆಯಲ್ಲಿ ಚಾಪೆ ಮೇಲೆ ಮೂರು ಮೊರ ಇಟ್ಟೆ. ಒಂದಕ್ಕೆ ಅಕ್ಕಿ, ರಾಗಿ, ಗೋಧಿ. ಇನ್ನೊಂದಕ್ಕೆ ಬೇಳೆ, ಕಾಳು. ಮತ್ತೊಂದಕ್ಕೆ ಸೊಪ್ಪು, ತರಕಾರಿ, ಹಣ್ಣು. ಹಾಲು, ಮೊಸರು, ಮೊಟ್ಟೆ ಪಕ್ಕದಲ್ಲಿ. ಅವರೆಕಾಯಿ ಬಂದಾಗ ಜಗಳ ಶುರುವಾಯಿತು.

"ಹಸಿರಾಗಿದೆ, ತರಕಾರಿನೇ" ಅಂದಳು ಮಗಳು.

"ಒಳಗೆ ಕಾಳಿದೆ ಅಲ್ವಾ ಆಂಟಿ?" ಅಂದ ಅವನು.

ಎಷ್ಟು ಒಳ್ಳೆಯ ಪ್ರಶ್ನೆ! ಸುಲಿದು ನೋಡೋಣ ಅಂದೆ. ಬೆರಳಿಗೆಲ್ಲ ಸೊಗಡು ಅಂಟಿತು. ಸಿಗುವುದು ತರಕಾರಿ ಗಾಡಿಯಲ್ಲಾದರೂ ಕಾಳು ತೊಗರಿ, ಹೆಸರಿನ ಬಳಗದ್ದು, ಮೈ ಬೆಳೆಯಲು ಬೇಕಾದ ಪ್ರೋಟೀನ್ ಇದರಲ್ಲಿದೆ ಅಂತ ಹೇಳಿದೆ. ಕಾಳು ಎರಡನೇ ಮೊರಕ್ಕೆ ಹೋಯಿತು. ರಾಗಿಯಲ್ಲಿ ಅಷ್ಟೇ ತೂಕದ ಹಾಲಿಗಿಂತ ಜಾಸ್ತಿ ಕ್ಯಾಲ್ಸಿಯಂ ಇದೆ ಅಂದಾಗ ಇಬ್ಬರೂ ಮೂಳೆ ಮುಟ್ಟಿ ನೋಡಿಕೊಂಡರು.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಕೊಟ್ಟ ಸಲಹೆಯಂತೆ ತಟ್ಟೆಯ ಅರ್ಧದಷ್ಟು ಸೊಪ್ಪು, ತರಕಾರಿ, ಗೆಡ್ಡೆ, ಹಣ್ಣು ಇರಬೇಕು. ಮಕ್ಕಳಿಗೆ ನಾನು "ಅರ್ಧ ತಟ್ಟೆ ಬಣ್ಣ" ಅಂತಷ್ಟೇ ಹೇಳುತ್ತೇನೆ. ಪಲ್ಯ ತಿಂದರೆ ಚಾಕೊಲೇಟ್ ಅಂತ ಆಸೆ ತೋರಿಸುವುದು ನನಗೆ ಇಷ್ಟವಿಲ್ಲ. ಆಗ ಪಲ್ಯ ಶಿಕ್ಷೆ, ಚಾಕೊಲೇಟ್ ಬಹುಮಾನ ಆಗಿಬಿಡುತ್ತದೆ.

ಮಧ್ಯಾಹ್ನ ಅವರೆಕಾಳು ಸಾರು, ಪುಟ್ಟ ಮುದ್ದೆ, ಕುಂಬಳದ ಪಲ್ಯ. ಹುಡುಗ ಪಲ್ಯವನ್ನು ಎರಡು ಸಲ ಹಾಕಿಸಿಕೊಂಡ.