ಬೈರಾಸಿನ ಅಂಚು

ಬದಿಯಡ್ಕದ ಮನೆ. ಮಧ್ಯಾಹ್ನ ಜಗಲಿಯಲ್ಲಿ ಕೂತು ಅಜ್ಜಿ ಹಳೇ ಬೈರಾಸಿನ ಅಂಚು ಹೊಲಿಯುತ್ತಿದ್ದರು. ಸೂಜಿಗೆ ನೂಲು ಹಾಕಿ ಕೊಡುವ ಕೆಲಸ ನನ್ನದು.

"ಅಂಚು ಬಿಟ್ಟರೆ ಆಯ್ತು ಮಗಾ, ಒಂದೊಂದೇ ಎಳೆ ಎದ್ದು ಬರ್ತದೆ."

ಅವರ ತೋಳಿನಲ್ಲಿ ಸಿಡುಬಿನ ಲಸಿಕೆಯ ಕಲೆ, ಪಾವಲಿಯಷ್ಟಗಲ. ಭಾರತದಲ್ಲಿ ಸಿಡುಬಿನ ಕೊನೆಯ ಕೇಸು 1975ರಲ್ಲಿ. ಅದನ್ನು ನೆನಪಿಟ್ಟ ಟಿ ಕೋಶಗಳು, ಅಂದರೆ ರೋಗಾಣುವಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳು, ಮಾತ್ರ ದಶಕಗಟ್ಟಲೆ ಮೈಯಲ್ಲಿ ಉಳಿಯುತ್ತವೆ.

ಅಲ್ಲೂ ಅಂಚಿನದ್ದೇ ಕತೆ. ಕೋಶದೊಳಗಿನ ಡಿಎನ್‌ಎ ಎಳೆಯಾದ ವರ್ಣತಂತುವಿನ ತುದಿಯಲ್ಲಿ ಟಿಟಿಎಜಿಜಿಜಿ ಎಂಬ ಆರಕ್ಷರ, ಮತ್ತೆ ಮತ್ತೆ, ನೂರಾರು ಸಲ. ಅದೇ ಟೆಲೊಮಿಯರ್. ಕೋಶ ಒಂದು ಎರಡಾದಾಗೆಲ್ಲ ಚೂರು ಸವೆಯುತ್ತದೆ. ತೀರಾ ಸವೆದರೆ ವಿಭಜನೆ ನಿಂತಿತು. ಮೈಯ ಹೆಚ್ಚಿನ ಕೋಶಗಳಿಗೆ ಅದನ್ನು ಕಟ್ಟಿಕೊಳ್ಳುವ ದಾರಿಯಿಲ್ಲ. ಟಿ ಕೋಶ ಹಾಗಲ್ಲ, ರೋಗಾಣುವಿನ ಗುರುತು ಸಿಕ್ಕಿದ ಮೇಲೆ ಟೆಲೊಮಿಯರ್ ಕಟ್ಟುವ ಟೆಲೊಮರೇಸ್ ಎಂಬ ಕಿಣ್ವವನ್ನು ಎಬ್ಬಿಸಿ ಸವೆತವನ್ನು ಒಂದಷ್ಟು ತಡೆಯುತ್ತದೆ.

2022ರಲ್ಲಿ ತಿಳಿದದ್ದು ಇನ್ನೂ ಚಂದ. ಆ ಗುರುತು ತೋರಿಸಿಕೊಡುವ ಕೋಶವೇ ತನ್ನ ಟೆಲೊಮಿಯರಿನ ತುಂಡು ಕತ್ತರಿಸಿ ಕೆಲವು ಟಿ ಕೋಶಗಳಿಗೆ ದಾಟಿಸುತ್ತದೆ. ತನ್ನದನ್ನೇ! ಬೆಳಗ್ಗಿಂದ ಅದೇ ತಲೆಯಲ್ಲಿ.

ಅಜ್ಜಿ ನೂಲು ಹಲ್ಲಲ್ಲಿ ಕಚ್ಚಿ ತುಂಡು ಮಾಡಿದರು. ಬೈರಾಸು ಇನ್ನೂ ಎರಡು ಉಂಟು.