ಒಂದೇ ವಾಕ್ಯ, ಎರಡು ಚಪ್ಪರ

ಜೆರುಸಲೇಮಿನ ಮೆಯಾ ಶೆಅರಿಮ್ ಬಡಾವಣೆಯಲ್ಲಿ ಉದ್ದ ಗಡ್ಡದ ಯಜಮಾನರೊಬ್ಬರು ಭೂತಗನ್ನಡಿ ಹಿಡಿದು ಮಾದಲ ಹಣ್ಣು ಪರೀಕ್ಷೆ ಮಾಡುತ್ತಿದ್ದರು. ತೊಟ್ಟಿನ ಕಡೆ ನೋಡಿದರು, ತುದಿಯ ಕಡೆ ನೋಡಿದರು. ಚುಕ್ಕೆ ಇದ್ದರೆ ವಾಪಸ್. ಇನ್ನೊಂದನ್ನು ಎತ್ತಿಕೊಂಡರು. ಅಂಗಡಿಯವನಿಗೆ ಬೇಜಾರೇ ಇಲ್ಲ, ಬಂದವರೆಲ್ಲ ಹಾಗೇ ಮಾಡುತ್ತಿದ್ದರು.

ಅದು ಯೆಹೂದ್ಯರ ಸುಕ್ಕೋತ್, ಅಂದರೆ ಪರ್ಣಶಾಲೆಗಳ ಹಬ್ಬದ ಸಮಯ. ಕೋವಿಡ್‌ಗೆ ಮುಂಚಿನ ಮಾತು. ಬೈಬಲಿನ ಯಾಜಕಕಾಂಡದ 23ನೇ ಅಧ್ಯಾಯದಲ್ಲಿ ಈ ಹಬ್ಬಕ್ಕೆ ಒಂದು ಅಪ್ಪಣೆ ಇದೆ: ಅಂದದ ಮರದ ಹಣ್ಣು, ಖರ್ಜೂರದ ಗರಿ, ದಟ್ಟ ಎಲೆಯ ಕೊಂಬೆ, ಹಳ್ಳದ ದಂಡೆಯ ನೀರವಂಜಿ ಇಷ್ಟನ್ನೂ ತೆಗೆದುಕೊಂಡು ದೇವರ ಮುಂದೆ ಸಂತೋಷಪಡಿ ಅಂತ. ತೆಗೆದುಕೊಂಡು ಏನು ಮಾಡಬೇಕು? ಅದನ್ನು ಹೇಳಿಲ್ಲ. ಯೆಹೂದ್ಯರು ಹಣ್ಣು ಅಂದರೆ ಮಾದಲವೇ ಎಂದು ತೀರ್ಮಾನ ಮಾಡಿ, ಉಳಿದ ಮೂರನ್ನು ಒಂದು ಕಟ್ಟು ಕಟ್ಟಿ, ಎರಡನ್ನೂ ಕೈಯಲ್ಲಿ ಹಿಡಿದು ಅಲ್ಲಾಡಿಸುತ್ತಾರೆ. ಇದೇ ವಾಕ್ಯ ಇನ್ನೊಂದು ಬೆಟ್ಟದ ಮೇಲೆ ಬೇರೆಯೇ ರೂಪದಲ್ಲಿ ಸಿಗುತ್ತದೆ ಅಂತ ಆಗ ನನಗೆ ಗೊತ್ತಿರಲಿಲ್ಲ.

ಮಸಾದಾ ಕೋಟೆ, ಮೃತ ಸಮುದ್ರ ಎಲ್ಲ ನೋಡಿದೆ. ಫೋಟೋ ಚೆನ್ನಾಗಿ ಬಂದಿವೆ, ಅಷ್ಟು ಸಾಕು. ಟೆಲ್ ಅವೀವ್‌ನಿಂದ ವಾಪಸ್ ಬಂದ ಶುಕ್ರವಾರದ ಬಗ್ಗೆ ಮಾತ್ರ ಹೇಳಲೇಬೇಕು, ಇನ್ನೂ ಹೊಟ್ಟೆ ಉರಿಯುತ್ತದೆ. ಸಂಜೆವರೆಗೂ ಬಸ್ ಇರುತ್ತದೆ ಅಂತ ನಾನಿದ್ದ ಹಾಸ್ಟೆಲಿನ ಕೌಂಟರಿನಲ್ಲಿ ಕೂತಿದ್ದವನು ಅಡ್ಡಗೋಡೆ ಮೇಲೆ ದೀಪ ಇಡದೆ ಖಡಾಖಂಡಿತವಾಗಿ ಹೇಳಿದ್ದ. ಹೋಗಿ ನೋಡಿದರೆ ಬಸ್ ನಿಲ್ದಾಣಕ್ಕೆ ಬೀಗ. ಟ್ಯಾಕ್ಸಿಯವನು ಬಾಯಿಗೆ ಬಂದಷ್ಟು ಶೆಕೆಲ್ ಕೇಳಿದ. ಸಬ್ಬತ್, ಅಂದರೆ ಯೆಹೂದ್ಯರು ಯಾವ ಕೆಲಸವನ್ನೂ ಮಾಡದ ವಾರದ ವಿಶ್ರಾಂತಿ ದಿನ, ಶುರುವಾಗುವುದು ಶುಕ್ರವಾರ ಸೂರ್ಯ ಮುಳುಗುವಾಗ, ಆದರೆ ಬಸ್ಸು, ಟ್ರಾಮು ನಿಲ್ಲುವುದು ಅದಕ್ಕೂ ಬಹಳ ಮುಂಚೆ. ಮತ್ತೆ ಓಡುವುದು ಶನಿವಾರ ರಾತ್ರಿಗೇ. ಸಿಕ್ಕಿಹಾಕಿಕೊಂಡರೆ 'ಶೆರೂತ್' ಅನ್ನುವ ಹಂಚಿಕೆಯ ವ್ಯಾನ್ ಹುಡುಕಿ, ಟೆಲ್ ಅವೀವ್‌ನಿಂದ ಸಬ್ಬತ್ತಿನಲ್ಲೂ ಹೊರಡುತ್ತವೆ. ಜೆರುಸಲೇಮಿನ ಒಳಗಾದರೆ ದಮಾಸ್ಕಸ್ ಬಾಗಿಲ ಹತ್ತಿರ ಅರಬ್ಬರ ಬಸ್ಸುಗಳಿವೆ, ಶನಿವಾರವೂ ಓಡುತ್ತವೆ.

ಅವತ್ತು ರಾತ್ರಿ ಊಟಕ್ಕೆ ಕರೆದಿದ್ದರು. ಹಾಸ್ಟೆಲಿನಲ್ಲಿ ನನ್ನ ಕೋಣೆಯಲ್ಲೇ ಇದ್ದ ಅಮೆರಿಕದ ಹುಡುಗ, ಪಾದ್ರಿಯಾಗಲು ಓದುತ್ತಿದ್ದವನು, ತನ್ನ ಪರಿಚಯದವರ ಮನೆಗೆ ನನ್ನನ್ನೂ ಎಳೆದುಕೊಂಡು ಹೋದ. ಯಜಮಾನರು ನಿವೃತ್ತ ಇಂಜಿನಿಯರ್, ಅವರ ಹೆಂಡತಿ ನರ್ಸ್ ಆಗಿದ್ದವರು. ಆ ಕಟ್ಟಡದ ಬಾಲ್ಕನಿಗಳು ಒಂದರ ಮೇಲೊಂದು ಇಲ್ಲ, ಮೆಟ್ಟಿಲಿನ ಥರ ಹಿಂದೆ ಹಿಂದೆ ಸರಿದಿವೆ. ಹಬ್ಬಕ್ಕೆ ಹಾಕುವ ಚಪ್ಪರದ ಮೇಲೆ ಆಕಾಶವೇ ಇರಬೇಕು, ಮೇಲಿನ ಮನೆಯವರ ಬಾಲ್ಕನಿ ಇರಬಾರದು ಅನ್ನುವ ನಿಯಮಕ್ಕಾಗಿ ಕಟ್ಟಡದ ನಕ್ಷೆಯೇ ಹಾಗೆ. ಲಿಫ್ಟ್ ತಾನಾಗಿ ಪ್ರತಿ ಮಹಡಿಯಲ್ಲೂ ನಿಂತು ನಿಂತು ಹೋಯಿತು, ಯಾರೂ ಬಟನ್ ಒತ್ತುವಂತಿಲ್ಲ. ಫ್ರಿಜ್ಜಿನ ಬಲ್ಬು ಬಿಚ್ಚಿಟ್ಟಿದ್ದರು. ಬಚ್ಚಲಲ್ಲಿ ಟಾಯ್ಲೆಟ್ ಪೇಪರ್ ಕೂಡ ಮುಂಚೆಯೇ ಹರಿದು ತುಂಡು ತುಂಡಾಗಿ ಜೋಡಿಸಿಟ್ಟಿತ್ತು, ಸಬ್ಬತ್ತಿನಲ್ಲಿ ಹರಿಯುವುದೂ ಕೆಲಸವೇ.

ಖರ್ಜೂರದ ಗರಿಯ ಚಪ್ಪರದ ಕೆಳಗೆ ಸೂಪು ಬರುವಷ್ಟರಲ್ಲೇ ಹುಡುಗ ಶುರು ಮಾಡಿದ.

"ಸಬ್ಬತ್ತಿನಲ್ಲಿ ಬೆಂಕಿ ಹೊತ್ತಿಸಬೇಡಿ ಅಂತ ವಿಮೋಚನಕಾಂಡದಲ್ಲಿದೆ, ಒಪ್ಪಿದೆ. ಲಿಫ್ಟಿನ ಬಟನ್ನಿಗೂ ಬೆಂಕಿಗೂ ಏನು ಸಂಬಂಧ?"

ಯಜಮಾನರಿಗೆ ಖುಷಿಯೋ ಖುಷಿ. "ನಾನು ಇಂಜಿನಿಯರಪ್ಪ, ಬಟನ್ನಿನಲ್ಲಿ ಬೆಂಕಿ ಇಲ್ಲ ಅಂತ ನನಗೂ ಗೊತ್ತು. ಹಳೇ ಬಲ್ಬಿನಲ್ಲಿ ತಂತಿ ಕೆಂಪಗೆ ಕಾಯುತ್ತಿತ್ತು, ಅದು ಬೆಂಕಿ ಅಂದರು ಕೆಲವರು. ಸರ್ಕ್ಯೂಟ್ ಕೂಡಿಸಿದರೆ ಅದು ಕಟ್ಟುವ ಕೆಲಸ ಅಂದರು ಇನ್ನು ಕೆಲವರು. ಜಗಳ ಇನ್ನೂ ಮುಗಿದಿಲ್ಲ. ಬಟನ್ ಒತ್ತಬಾರದು ಅನ್ನೋದರಲ್ಲಿ ಮಾತ್ರ ಎಲ್ಲರೂ ಒಂದೇ."

"ಹಾಗಾದರೆ 'ಕಣ್ಣಿಗೆ ಕಣ್ಣು' ಅಂತಲೂ ಬರೆದಿದೆಯಲ್ಲ?"

"ಅದಕ್ಕೆ ದುಡ್ಡು," ಅಂದರು. ರಬ್ಬಿಗಳ, ಅಂದರೆ ಯೆಹೂದ್ಯ ಧರ್ಮಪಂಡಿತರ, ವಾದಗಳ ಗ್ರಂಥವಾದ ತಾಲ್ಮೂದಿನಲ್ಲಿ ಇದರ ಮೇಲೆ ದೊಡ್ಡ ವಾದವೇ ಇದೆಯಂತೆ. ಕುರುಡನೊಬ್ಬ ಇನ್ನೊಬ್ಬನ ಕಣ್ಣು ಕಿತ್ತರೆ ಏನು ಮಾಡುತ್ತೀರಿ? ಅವನ ಕಣ್ಣು ಕಿತ್ತರೆ ಏನು ನಷ್ಟ ಅವನಿಗೆ? ಒಬ್ಬನ ಕಣ್ಣು ದೊಡ್ಡದು, ಇನ್ನೊಬ್ಬನದು ಚಿಕ್ಕದಾದರೆ ಅದು ಸರಿಸಮ ಹೇಗಾಗುತ್ತದೆ? ಹಾಗಾಗಿ ಕಣ್ಣಿನ ಬೆಲೆ ಕಟ್ಟಿ ಕೊಡಬೇಕು.

ಹುಡುಗ ಬಿಡಲಿಲ್ಲ. ಮಾತು ಕೇಳದ ಮೊಂಡು ಮಗನನ್ನು ಊರಿನವರು ಕಲ್ಲೆಸೆದು ಕೊಲ್ಲಬೇಕು ಅಂತ ಧರ್ಮೋಪದೇಶಕಾಂಡದಲ್ಲಿದೆಯಲ್ಲ, ಅದಕ್ಕೇನು ಹೇಳುತ್ತೀರಿ ಅಂದ. ಇಲ್ಲಂತೂ ಹಳೇ ರಬ್ಬಿಗಳು ಷರತ್ತಿನ ಮೇಲೆ ಷರತ್ತು ಹೇರಿ ಕಾನೂನಿನ ಕೈಕಾಲು ಕಟ್ಟಿಬಿಟ್ಟಿದ್ದಾರೆ. ಮಗ ಇಷ್ಟೇ ಮಾಂಸ ತಿಂದಿರಬೇಕು, ಇಷ್ಟೇ ವೈನ್ ಕುಡಿದಿರಬೇಕು. ಅಪ್ಪ ಅಮ್ಮ ಇಬ್ಬರ ದನಿ, ಮುಖ, ಎತ್ತರ ಒಂದೇ ಥರ ಇರಬೇಕು ಅಂದವರೂ ಒಬ್ಬರಿದ್ದಾರೆ. ಕೊನೆಗೆ, ಅಂಥ ಮಗ ಹಿಂದೆ ಇರಲೂ ಇಲ್ಲ, ಮುಂದೆ ಇರುವುದೂ ಇಲ್ಲ, ಸುಮ್ನೆ ಓದಿ ಪುಣ್ಯ ಕಟ್ಟಿಕೊಳ್ಳಲು ಬರೆದದ್ದು ಅಂತ ತೀರ್ಮಾನ. ಅಷ್ಟಕ್ಕೇ ಮುಗಿಯಲಿಲ್ಲ. ಅದೇ ಪುಟದಲ್ಲಿ ರಬ್ಬಿ ಯೋನಾತಾನ್ ಅನ್ನುವವರು, "ನಾನು ಅಂಥವನನ್ನು ನೋಡಿದ್ದೇನೆ, ಅವನ ಗೋರಿಯ ಮೇಲೆ ಕೂತಿದ್ದೇನೆ" ಅನ್ನುತ್ತಾರೆ. ಅವರ ಮಾತನ್ನು ಅಳಿಸದೆ ಹಾಗೇ ಉಳಿಸಿಕೊಂಡಿದ್ದಾರೆ. ನನಗೆ ಇಡೀ ಪ್ರವಾಸದಲ್ಲಿ ತುಂಬಾ ಇಷ್ಟವಾದದ್ದು ಇದೇ.

"ಇದು ನುಣುಚಿಕೊಳ್ಳೋದು," ಅಂದ ಹುಡುಗ. "ನಮ್ಮ ಕ್ರೈಸ್ತರಿಗೆ ಈ ತಾಪತ್ರಯ ಇಲ್ಲ. ಹೊಸ ಒಡಂಬಡಿಕೆಯ ಅಪೊಸ್ತಲರ ಕೃತ್ಯಗಳು, 15ನೇ ಅಧ್ಯಾಯ. ಇದೇ ಜೆರುಸಲೇಮಿನಲ್ಲಿ ಸಭೆ ಸೇರಿ, ಬೇರೆ ಜನಾಂಗದ ವಿಶ್ವಾಸಿಗಳಿಗೆ ಮೋಶೆಯ ಕಾನೂನಿನ ಈ ಭಾರ ಬೇಡ ಅಂದರು."

ಅಲ್ಲಿಯವರೆಗೆ ಸುಮ್ಮನಿದ್ದ ಯಜಮಾನತಿ ಕೇಳಿದರು: "ಪೂರ್ತಿ ಬೇಡ ಅಂದರಾ? ರಕ್ತ ಮುಟ್ಟಬೇಡಿ ಅಂತಲೂ ಅದೇ ಅಧ್ಯಾಯದಲ್ಲಿದೆ ಅಲ್ವಾ? ನೀನು ಮಾಂಸ ತಿನ್ನುವಾಗ ರಕ್ತ ಪೂರ್ತಿ ತೆಗೆದಿದ್ದಾರಾ ಅಂತ ಕೇಳ್ತೀಯಾ?"

ಹುಡುಗ ತಟ್ಟೆ ನೋಡಿದ. "ಅದು ಆ ಕಾಲದ ಸಂದರ್ಭಕ್ಕೆ ಹೇಳಿದ್ದು..." ಅಂದು ಅರ್ಧಕ್ಕೇ ನಿಲ್ಲಿಸಿದ. ತಾನೇನು ಹೇಳಿದೆ ಅಂತ ಅವನಿಗೇ ಹೊಳೆದಿತ್ತು. ಎಲ್ಲರಿಗಿಂತ ಜೋರಾಗಿ ನಕ್ಕವನೂ ಅವನೇ. ಯಜಮಾನತಿ ಅವನಿಗೆ ಇನ್ನೊಂದು ತುಂಡು ಕೋಳಿ ಬಡಿಸಿದರು.

ಎದ್ದು ಹೊರಡುವಾಗ ಯಜಮಾನರು, "ಬರೆದದ್ದನ್ನು ಬರೆದ ಹಾಗೇ ನಡೆಸುವವರು ಬೇಕಾದರೆ ಗೆರಿಜ್ಜೀಮ್ ಬೆಟ್ಟಕ್ಕೆ ಹೋಗು" ಅಂದರು. ಸ್ವಲ್ಪ ಚುಚ್ಚಿಯೇ ಹೇಳಿದರು ಅನ್ನಿಸಿತು.

ಗೆರಿಜ್ಜೀಮ್ ಇರುವುದು ಪಶ್ಚಿಮ ದಂಡೆಯಲ್ಲಿ, ನಾಬ್ಲುಸ್ ಊರಿನ ನೆತ್ತಿಯ ಮೇಲೆ, ಸುಮಾರು 880 ಮೀಟರ್ ಎತ್ತರ. ರಮಲ್ಲಾ ದಾಟಿ ನಾಬ್ಲುಸ್, ಅಲ್ಲಿಂದ ಟ್ಯಾಕ್ಸಿ. ಮೇಲೆ ಸಮಾರ್ಯದವರ ಊರು. ಯೆಹೂದ್ಯರ ಹಾಗೆ ತಾವೂ ಹಳೇ ಇಸ್ರಾಯೇಲ್ಯರ ವಂಶದವರು ಅನ್ನುವ ಪುಟ್ಟ ಪಂಗಡ ಇದು. ನಾನು ಹೋದಾಗ ಜಗತ್ತಿನಲ್ಲಿ ಅವರು ಉಳಿದಿದ್ದುದೇ 800ರ ಆಸುಪಾಸು, ಅರ್ಧ ಜನ ಇಲ್ಲಿ, ಅರ್ಧ ಜನ ಟೆಲ್ ಅವೀವ್ ಪಕ್ಕದ ಹೋಲೋನ್‌ನಲ್ಲಿ. ಮೊದಲ ಮಹಾಯುದ್ಧದ ಹೊತ್ತಿಗೆ 150 ಕೂಡ ಇರಲಿಲ್ಲ. ಬೈಬಲಿನ ಮೊದಲ ಐದು ಪುಸ್ತಕ, ಅಂದರೆ ಮೋಶೆಯ ಪುಸ್ತಕಗಳನ್ನು ಬಿಟ್ಟರೆ ಅವರಿಗೆ ಬೇರೆ ಶಾಸ್ತ್ರ ಇಲ್ಲ. ತಾಲ್ಮೂದ್ ಇಲ್ಲ, ರಬ್ಬಿಗಳ ಷರತ್ತೂ ಇಲ್ಲ. ಈಜಿಪ್ಟಿನ ಗುಲಾಮಗಿರಿಯಿಂದ ಬಿಡುಗಡೆಯಾದದ್ದನ್ನು ನೆನೆಯುವ ಪಸ್ಕ ಹಬ್ಬಕ್ಕೆ ಇವತ್ತಿಗೂ ಬಿಳಿ ಬಟ್ಟೆ ಉಟ್ಟು ಕುರಿ ಕಡಿದು, ಗುಂಡಿಯಲ್ಲಿ ಸುಟ್ಟು, ನಡುರಾತ್ರಿ ಅವಸರದಲ್ಲಿ ತಿನ್ನುತ್ತಾರೆ, ವಿಮೋಚನಕಾಂಡದಲ್ಲಿ ಬರೆದ ಹಾಗೆ. ಅವರ ಪಂಚಾಂಗ ಬೇರೆ, ಕೆಲವು ವರ್ಷ ಹಬ್ಬ ಯೆಹೂದ್ಯರಿಗಿಂತ ತಿಂಗಳು ಆಚೀಚೆ ಆಗುತ್ತದೆ. ನನ್ನ ಅದೃಷ್ಟಕ್ಕೆ ಆ ಸಲ ಹತ್ತಿರ ಹತ್ತಿರ ಬಂದಿತ್ತು.

ಒಂದು ಮನೆಯಲ್ಲಿ ಒಳಗೆ ಕರೆದರು. ಸೋಫಾ, ಟೀವಿ ಇರುವ ಮಾಮೂಲು ಹಾಲ್. ತಲೆ ಎತ್ತಿದರೆ ಮೇಲೆಲ್ಲ ಹಣ್ಣು! ದಾಳಿಂಬೆ, ಸೇಬು, ನಿಂಬೆ, ಮಾದಲ ಎಲ್ಲವನ್ನೂ ಕಬ್ಬಿಣದ ಜಾಲರಿಗೆ ಕಟ್ಟಿ, ಬಣ್ಣದ ಪ್ರಕಾರ ಸಾಲು ಸಾಲಾಗಿ ಇಳಿಬಿಟ್ಟಿದ್ದರು. ಅದರ ಮೇಲೆ ಖರ್ಜೂರದ ಗರಿ. ಜೆರುಸಲೇಮಿನಲ್ಲಿ ಭೂತಗನ್ನಡಿ ಹಿಡಿದು ಕೊಂಡದ್ದೂ ಇದೇ ವಾಕ್ಯಕ್ಕೆ, ಇಲ್ಲಿ ಚಾವಣಿ ಕಟ್ಟಿದ್ದೂ ಇದೇ ವಾಕ್ಯಕ್ಕೆ. ಹಣ್ಣು, ಗರಿಯಿಂದ ಚಪ್ಪರ ಹಾಕಿ ಅಂತಲೇ ಇವರು ಅದನ್ನು ಓದುತ್ತಾರೆ. ಅಂದದ ವಿಷಯದಲ್ಲಿ ಜೆರುಸಲೇಮ್ ಇದರ ಹತ್ತಿರಕ್ಕೂ ಬರುವುದಿಲ್ಲ.

"ಚಪ್ಪರ ಮನೆಯೊಳಗೆ ಯಾಕೆ?" ಅಂದೆ.

ಹಿಂದಿನ ಕಾಲದಲ್ಲಿ ಹೊರಗೆ ಹಾಕಿದರೆ ಕಿರುಕುಳ ಕೊಡುತ್ತಿದ್ದರು, ಅದಕ್ಕೆ ಒಳಗೆ ತಂದೆವು ಅಂದರು ಮನೆಯವರು.

"ಹಾಗಾದರೆ ನೀವೂ ಕಾಲಕ್ಕೆ ತಕ್ಕ ಹಾಗೆ ಬದಲಾಯಿಸಿದಿರಿ ಅಲ್ವಾ?"

"ಇಲ್ಲವಲ್ಲ," ಅಂದರು ತಣ್ಣಗೆ. "ಹೊರಗೆ ಹಾಕಿ ಅಂತ ಎಲ್ಲಿ ಬರೆದಿದೆ?"

ಇದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ. ಇನ್ನೊಂದು ಕೇಳಿದೆ. ಯಾಜಕಕಾಂಡದ ಪ್ರಕಾರ ಮುಟ್ಟಾದ ಹೆಂಗಸರು 7 ದಿನ ಬೇರೆ ಇರುತ್ತಾರೆ, ಮನೆಕೆಲಸ ಉಳಿದವರು ಮಾಡುತ್ತಾರೆ ಅಂತ ಓದಿದ್ದೆ. "ಅವರಿಗೂ ವಿಶ್ರಾಂತಿ ಸಿಗುತ್ತೆ, ಒಳ್ಳೆಯದೇ" ಅಂದರು. ಈ ಉತ್ತರ ನನಗೆ ಹಿಡಿಸಲಿಲ್ಲ. ಇದನ್ನು ಹೆಂಗಸರು ಹೇಳಿದ್ದರೆ ಬೇರೆ ಮಾತು. ಮನೆಯಾಕೆ ಜ್ಯೂಸ್ ಕೊಟ್ಟು ಒಳಗೆ ಹೋದವರು ಮತ್ತೆ ಬರಲಿಲ್ಲ. ಆ ಬಾಲ್ಕನಿಯ ಊಟದಲ್ಲಿ ಕೊನೆಯ ಮಾತು ಯಜಮಾನತಿಯದೇ ಆಗಿತ್ತು, ಇಲ್ಲಿ ಅಂಥವರು ಯಾರೂ ನಮ್ಮ ಜೊತೆ ಕೂತಿರಲಿಲ್ಲ.

ವಾಪಸ್ ಹಾಸ್ಟೆಲಿಗೆ ಬಂದು ಹುಡುಗನಿಗೆ ಫೋಟೋ ತೋರಿಸಿದೆ. ಅವನು ತಕ್ಷಣ ಬೈಬಲ್ ತೆಗೆದು ಆ ಅಧ್ಯಾಯ ಮೊದಲಿಂದ ಕೊನೆತನಕ ಹುಡುಕಿದ. "ನಿಜ, ಹೊರಗೆ ಅಂತ ಇಲ್ಲ," ಅಂದ. ಆಮೇಲೆ, "ಇರು, ಇಂಜಿನಿಯರ್ ಅಂಕಲ್‌ಗೆ ಫೋನ್ ಮಾಡ್ತೀನಿ" ಅಂತ ಮೊಬೈಲ್ ಎತ್ತಿಕೊಂಡು ಹೊರಗೆ ಹೋದ. ನಾನು ಸ್ನಾನ ಮುಗಿಸಿ ಬಂದಾಗಲೂ ವಾದ ನಡೆಯುತ್ತಲೇ ಇತ್ತು.